ನಮ್ಮ ರೇಡಿಯೊ ಅಕ್ಕೋರು

ಮೈಕಿನ ಮುಂದೆ ಕೂಡುವ ಮುನ್ನ ಅಕ್ಕೋರು ಹಸಿರು ಗಾಜಿನ ಬಳೆಗಳನ್ನೆಲ್ಲ ಮೊಣಕೈಯತ್ತ ಏರಿಸಿ, ಸದ್ದಾಗದಂತೆ ಮೇಲೊಂದು ಕರವಸ್ತ್ರ ಬಿಗಿಯುತ್ತಿದ್ದರು. ಕಾರ್ಯಕ್ರಮ ಮುಗಿದು ಬಿಚ್ಚಿದಾಗ ಕೈತುಂಬ ಕೆಂಪು ಗೆರೆ. "ಬಳಿ ತಗದಿಟ್ರ ಆಗಂಗಿಲ್ಲೇನ್ರಿ?" ಎಂದು ನಾನು ಕೇಳಿದರೆ, "ಯಾಕ ತಗೀಲಿ? ಹಾಕ್ಕೊಂಡೇ ಮಾತಾಡ್ತೀನಿ" ಎನ್ನುವರು.

ಶಾಲೆಯಲ್ಲಿ ಕಲಿಸುವಾಕೆಗೆ ನಮ್ಮ ಕಡೆ ಅಕ್ಕೋರು ಅಂತಾರೆ. ಸುರಪುರದ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತರಾದ ಅವರು ಶಹಾಪುರದ ನಮ್ಮ ಸಮುದಾಯ ರೇಡಿಯೊದಲ್ಲಿ ಹೆಣ್ಣುಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದರು. ನಾನು ಶಿರವಾಳದ ಕೂಲಿಕಾರರ ಮಗಳು. ಪದವಿ ಮುಗಿಸಿ ರೆಕಾರ್ಡಿಂಗ್ ಕೆಲಸಕ್ಕೆ ಸೇರಿದ್ದೆ. ಮೊದಲ ದಿನ ಮೈಕು ಕೊಟ್ಟಾಗ ಒಂದು ಪ್ರಕಟಣೆಯನ್ನು ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಓದಿದೆ. ಅವರು ನಡುವೆಯೇ ಕೈ ಎತ್ತಿ ತಡೆದರು. "ಯಾರ ಜೋಡಿ ಮಾತಾಡಾಕತ್ತಿಯವ್ವ? ನಿಮ್ಮವ್ವ ಕೇಳಾಕತ್ಯಾಳ ಅಂತ ತಿಳಕೊಂಡು ಮಾತಾಡು." ಅವ್ವನನ್ನು ನೆನೆದದ್ದೇ ನನ್ನ ನಾಲಿಗೆ ಸಡಿಲಾಯಿತು.

ಒಂದು ಬೇಸಿಗೆಯ ಗಾಳಿಮಳೆಗೆ ಪ್ರಸಾರದ ಕಂಬ ಮುರಿದುಬಿತ್ತು. ಸಿಡಿಲಿಗೆ ಯಂತ್ರವೂ ಸುಟ್ಟುಹೋಯಿತು. ಆಡಳಿತ ಮಂಡಳಿಯ ಕಾರ್ಯದರ್ಶಿ, "ಕಂಬಾನೇ ಇಲ್ಲಂದಮ್ಯಾಲ ರೇಡಿಯೊ ಎಲ್ಲೀದ್ರಿ ಅಕ್ಕೋರೆ? ಮುಂದಿನ ಸಭಾದಾಗ ಮುಚ್ಚೋ ಠರಾವು ಮಾಡೋಣು" ಎಂದರು.

"ಕಂಬ ಬಿದ್ದದರಿ. ನಮ್ಮ ಮಂದಿ ಬಾಯೇನು ಬಿದ್ದಿಲ್ಲಲ್ಲ" ಎಂದು ಅಕ್ಕೋರು ಎದ್ದು ಬಂದರು.

ಮಾತನ್ನು ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕಿದರೆ ಯಾರು ಎಲ್ಲಿದ್ದರೂ ಫೋನಿನಲ್ಲಿ ಕೇಳಬಹುದು, ಅದಕ್ಕೆ ಪಾಡ್‌ಕಾಸ್ಟ್ ಅಂತಾರೆ ಎಂದು ನಾನು ಹೇಳಿದೆ. "ಹೆಸರು ಏನರ ಇರಲಿ. ನಡಿ, ಬಸ್ ಹಿಡಿಯೋಣು."

ವನದುರ್ಗದಲ್ಲಿ ಒಬ್ಬ ಮುದುಕಿ ನಮಗಾಗಿ ಬೀಸುವ ಹಾಡು ಹಾಡಿದಳು. ಅರ್ಧಕ್ಕೆ ನಿಂತುಬಿಟ್ಟಳು. "ಮುಂದಿಂದು ಮರತೀನವ್ವ. ಗಿರಣಿ ಬಂದಮ್ಯಾಲ ಯಾರು ಹಾಡ್ತಾರ?" ಎನ್ನುವಾಗ ಆಕೆಯ ಕಣ್ಣು ತುಂಬಿತ್ತು. ಆ ತಡವರಿಕೆಯನ್ನು ಕತ್ತರಿಸಲು ಹೊರಟ ನನ್ನನ್ನು ಅಕ್ಕೋರು ತಡೆದರು. ರೆಕಾರ್ಡಿಂಗಿನ ಕೊನೆಗೆ ತಮ್ಮ ದನಿ ಸೇರಿಸಿದರು: "ಮುಂದಿಂದು ಯಾರಿಗೆ ಬರ್ತದ, ಹಾಡಿ ಕಳಸ್ರಿ."

ಕೆಲ ದಿನ ಯಾರೂ ಕೇಳಲಿಲ್ಲ. ಅಕ್ಕೋರು ಫೋನು, ಸಣ್ಣ ಸ್ಪೀಕರು ಹಿಡಿದು ಕಳೆ ಕೀಳುವ ಹೊಲಗಳಿಗೆ, ಬಸ್ ನಿಲ್ದಾಣಕ್ಕೆ ನಡೆದರು. ಕೇಳಿದವರು ದುಡಿಯಲು ದೂರ ಹೋದ ತಮ್ಮವರಿಗೆ ವಾಟ್ಸಾಪಿನಲ್ಲಿ ಕಳಿಸಿದರು.

ಒಂದು ಮುಂಜಾನೆ ಪುಣೆಯಿಂದ ಕಟ್ಟಡ ಕೆಲಸದ ಹೆಣ್ಣುಮಗಳೊಬ್ಬಳ ದನಿ ನನ್ನ ಫೋನಿಗೆ ಬಂತು. "ಶೆಡ್ಡಿನ್ಯಾಗ ಎಲ್ಲಾರೂ ಕುಂತು ಕೇಳಿದಿವ್ರಿ. ಮುಂದಿಂದು ನಮ್ಮವ್ವ ಹಾಡ್ತಿದ್ಲು. ಹಾಡ್ಲೇನ್ರಿ?" ಎಂದವಳೇ ಹಾಡಿಬಿಟ್ಟಿದ್ದಳು. ಹಿಂದೆ ಕಾಂಕ್ರೀಟ್ ಯಂತ್ರದ ಗದ್ದಲ. ಆಮೇಲೆ ಗುರುಮಠಕಲ್ ಕಡೆಯ ಒಬ್ಬಾಕೆ ಅದೇ ಧಾಟಿಗೆ ತೆಲುಗಿನ ನುಡಿ ಹಾಡಿ ಕಳಿಸಿದಳು. ಸೈದಾಪುರದ ಹತ್ತಿರ ಕಾರ್ಖಾನೆಯಲ್ಲಿ ದುಡಿಯುವ ಹುಡುಗಿಯರು ದಖನಿ ಉರ್ದುವಿನಲ್ಲಿ ಒಂದು ನುಡಿ ಕಟ್ಟಿದರು. ಅಕ್ಕೋರು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದರು. "ಕಂಬ ಇದ್ದಾಗ ನಮ್ಮ ದನಿ ಈ ಗುಡ್ಡಾನೂ ದಾಟ್ತಿದ್ದಿಲ್ಲ ನೋಡು!"

ಸಭೆಯ ದಿನ ಅವರು ವಾದ ಮಾಡಲಿಲ್ಲ. ಎಲ್ಲ ದನಿಗಳನ್ನೂ ಪೋಣಿಸಿದ ಹಾಡು ಹಚ್ಚಿದರು. ಪಕ್ಕದಲ್ಲಿ ಕೂತಿದ್ದ ವನದುರ್ಗದ ಮುದುಕಿ, ಮರೆತ ಸಾಲು ಬಂದದ್ದೇ ಗಟ್ಟಿಯಾಗಿ ದನಿಗೂಡಿಸಿದಳು. ಕಾರ್ಯದರ್ಶಿ ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಇನ್ನೊಮ್ಮೆ ಹಚ್ರಿ ಅಕ್ಕೋರೆ" ಎಂದರು. ಮುಚ್ಚುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮರುವರ್ಷ ಹೊಸ ಕಂಬವೂ ನಿಂತಿತು. ಪಾಡ್‌ಕಾಸ್ಟನ್ನು ನಾವು ನಿಲ್ಲಿಸಲಿಲ್ಲ.

ಹೋದ ಚಳಿಗಾಲ ಅಕ್ಕೋರು ತೀರಿಕೊಂಡರು. ಈಗ ಅವರ ಕಾರ್ಯಕ್ರಮ ನಡೆಸುವವಳು ನಾನು. ದಿನಕರ್ಮಕ್ಕೆ ಪುಣೆಯ ಆ ಹೆಣ್ಣುಮಗಳು ಗೆಳತಿಯರನ್ನು ಕಟ್ಟಿಕೊಂಡು ಸುರಪುರದ ಮನೆಗೆ ಬಂದಳು. ಅವರಾರೂ ಅಕ್ಕೋರ ಮುಖ ಕಂಡವರಲ್ಲ. ಹಾರ ಹಾಕಿದ್ದ ಫೋಟೊದಲ್ಲಿ ಅಕ್ಕೋರು ಶಾಲೆಯ ಮಕ್ಕಳ ನಡುವೆ, ಮಕ್ಕಳಷ್ಟೇ ಎತ್ತರಕ್ಕೆ ನಿಂತಿದ್ದರು.

"ಇವರೇನ್ರಿ ಅಕ್ಕೋರು?" ಆಕೆ ಬೆರಗಾದಳು. "ಆ ದನಿ ಕೇಳಿ, ಬಾಗಲಾ ಬಗ್ಗಿ ದಾಟೋವಂಥಾಕಿ ಅಂತ ತಿಳಕೊಂಡಿದ್ನಲ್ಲ!"

ಅತ್ತು ಸೋತಿದ್ದ ಮನೆಯೆಲ್ಲ ನಕ್ಕಿತು. ನಾನು ರೆಕಾರ್ಡರಿನ ಗುಂಡಿ ಒತ್ತಿ ಆಕೆಯ ಮುಂದೆ ಹಿಡಿದೆ.

"ಹೇಳ್ರಿ ಅಕ್ಕಾ, ನೀವು ಕೇಳಿದ ಅಕ್ಕೋರು ಎಂಥವರಿದ್ರು?"