ಜಗಲಿಯ ಕೋರ್ಟು

ಕುಂದಾಪುರದ ಕೋರ್ಟಿನಿಂದ ನಿವೃತ್ತರಾಗಿದ್ದ ಗುಮಾಸ್ತರೊಬ್ಬರು ಯುದ್ಧದ ವರ್ಷಗಳಲ್ಲಿ ನಮ್ಮಂಥ ಹೈಸ್ಕೂಲು ಹುಡುಗರನ್ನು ಜಗಲಿಯಲ್ಲಿ ಕೂರಿಸಿಕೊಂಡು ಕ್ರಿಮಿನಲ್ ಕಾನೂನು ಕಲಿಸುತ್ತಿದ್ದರು. ಯಾರು ಯಾರನ್ನು ದೂರಿದರೂ ಕನ್ನಡಕವನ್ನು ಹಣೆಗೇರಿಸಿ, "ಸಾಕ್ಷಿ ಎಲ್ಲಿತ್ತ್?" ಎನ್ನುವರು. ಈ ಪಾಠ ನನಗೂ ನನ್ನ ಗೆಳೆಯನಿಗೂ ಎಷ್ಟು ಚೆನ್ನಾಗಿ ತಲೆಗೆ ಹತ್ತಿತೆಂದರೆ, ಸಾಕ್ಷಿಗೆ ಯಾರೂ ಇಲ್ಲದ ಹೊತ್ತು ನೋಡಿ ಅವರದೇ ಅಂಗಳದ ಮಾವಿನಹಣ್ಣು ಕದ್ದು ತಿಂದೆವು.

ಮರುದಿನ ಮರಕ್ಕೆ ಬೊಬ್ಬರ್ಯ ದೈವದ ಹೆಸರಿನಲ್ಲಿ ತೆಂಗಿನಗರಿ ಕಟ್ಟಿತ್ತು. ಹಾಗೆ ಗರಿ ಕಟ್ಟಿದ ಮರದಡಿ ಕಾಲಿಟ್ಟರೆ ಕದ್ದವರನ್ನು ದೈವ ಬಿಡುವುದಿಲ್ಲವೆಂದು ಊರಿಗೆಲ್ಲ ಗೊತ್ತು.

"ಇವತ್ತ್ ಪಾಠ ಮರದಡಿಗೆ," ಎಂದರು ಗುಮಾಸ್ತರು.

ಉಳಿದವರೆಲ್ಲ ಹೋಗಿ ಕೂತರು. ನಾವಿಬ್ಬರು ಜಗಲಿಯಿಂದ ಏಳಲಿಲ್ಲ.

"ಹೆದ್ರಿಕೆ ಸಾಕ್ಷಿ ಆತಿಲ್ಲೆ," ಎಂದರು ಅವರು. ನಮಗೆ ಹೋದ ಜೀವ ಬಂತು. "ಅದಿರ್ಲಿ, ಹಣ್ಣ್ ಸಿಹಿ ಇದ್ದಿತ್ತಾ?"

"ಇಲ್ಲೆ, ಹುಳಿ," ಎಂದುಬಿಟ್ಟ ಗೆಳೆಯ.

ಕನ್ನಡಕ ಹಣೆಗೇರಿತು.