ಸಿಂಚು ಸಿಮೆಂಟಿನೊಳಗಿದ್ದ ಬೇಸಿಗೆ

ಆಗೆಲ್ಲ ಬಸವೇಶ್ವರನಗರದ ನಮ್ಮ ಕ್ರಾಸಿನಲ್ಲಿ ಬೇಸಿಗೆ ರಜ ಬಂತೆಂದರೆ ಬೆಳಿಗ್ಗೆಯಿಂದಲೇ ರಸ್ತೆ ಮಕ್ಕಳದ್ದು. ನಿಲ್ಲಿಸಿದ ಸ್ಕೂಟರುಗಳ ನಡುವೆ ಲಗೋರಿ ಆಡುತ್ತಿದ್ದೆವು, ಗೇಟಿನ ಮುಂದೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆಯುತ್ತಿದ್ದೆವು. ಮಹಡಿಗಳ ಮೇಲಿಂದ ಸಂಡಿಗೆ ಒಣಗುವ ವಾಸನೆ ಬರುತ್ತಿತ್ತು. ನಿಮ್ಮ ಬೀದಿಯಲ್ಲೂ ಹೀಗೇ ಇದ್ದಿರಬೇಕು. ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಮಾತ್ರ ನಾನು ರಸ್ತೆಗಿಳಿದದ್ದು ಕಮ್ಮಿ. ಆ ಸಲ ನಮ್ಮ ಮನೆಯೊಳಗೇ ಒಂದು ವಾಸನೆ ಹುಟ್ಟಿಕೊಂಡಿತ್ತು. ಅದಕ್ಕೆ ಯಾರು ಕಾರಣ ಅಂತ ನಾವೆಲ್ಲ ಒಬ್ಬರನ್ನೊಬ್ಬರು ಕದ್ದು ನೋಡುತ್ತ ಇದ್ದೆವು.

ನನ್ನ ತಂಗಿ ಸಿಂಚನಾಗೆ ಆಗ ಮೂರು ತುಂಬಿರಲಿಲ್ಲ. ನಡೆಯಲು ಕಲಿತಾಗಿನಿಂದ ಬಾತುಕೋಳಿಯ ಹಾಗೆ ಓಲಾಡಿಕೊಂಡು ನಡೆಯುತ್ತಿದ್ದಳು. ಅದನ್ನು ನೋಡಿ ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಆಮೇಲೆ ಡಾಕ್ಟರು ಎಕ್ಸ್‌ರೇ ತೆಗೆಸಿ, ಸೊಂಟದ ಕೀಲು ಹುಟ್ಟಿದಾಗಿನಿಂದಲೇ ಅದರ ಗುಣಿಯಲ್ಲಿ ಕೂತಿಲ್ಲ ಅಂದರು. ಆಪರೇಷನ್ ಆಯಿತು. ಮನೆಗೆ ಬಂದಾಗ ಅವಳು ಎದೆಯಿಂದ ಪಾದದವರೆಗೆ ಬಿಳಿ ಪ್ಲಾಸ್ಟರಿನೊಳಗಿದ್ದಳು. ಎರಡೂ ಕಾಲು ಕಪ್ಪೆಯ ಕಾಲಿನ ಹಾಗೆ ಅಗಲಕ್ಕೆ, ನಡುವೆ ಅವು ಅಲುಗದಂತೆ ಒಂದು ಕೋಲು. ಆ ಕೋಲು ಹಿಡಿದು ಮಾತ್ರ ಎತ್ತಬೇಡಿ ಅಂತ ಆಸ್ಪತ್ರೆಯಲ್ಲಿ ನೂರು ಸಲ ಹೇಳಿ ಕಳಿಸಿದ್ದರು.

"ನಡೀತಿದ್ದ ಮಗೂನ ಕರ್ಕೊಂಡೋಗಿ ಸಿಮೆಂಟ್ ಹಾಕ್ಸ್ಕೊಂಡ್ ಬಂದ್ರಲ್ಲ," ಅಂದರು ಅಜ್ಜಿ. ಅಪ್ಪನ ತಾಯಿ. ನಮ್ಮ ಮನೆಯ ಮಕ್ಕಳನ್ನೆಲ್ಲ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಿದವರು. ಆ ಡಾಕ್ಟರ ಮೇಲೆ ಅಜ್ಜಿಗೆ ಮೊದಲ ದಿನದಿಂದಲೂ ನಂಬಿಕೆ ಇರಲಿಲ್ಲ.

ಅಮ್ಮನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಪ್ಲಾಸ್ಟರಿನೊಳಗೆ ನೀರು ಹೋಗಬಾರದು, ಎಣ್ಣೆ, ಪೌಡರು ಹಾಕಬಾರದು, ತುರಿಸುತ್ತೆ ಅಂತ ಕಡ್ಡಿ ತೂರಿಸಬಾರದು. ಇದರಲ್ಲಿ ಒಂದನ್ನು ಯಾರಾದರೂ ಮರೆತೇ ಮರೆಯುತ್ತಾರೆ ಅಂತ ಅವಳಿಗೆ ಗ್ಯಾರಂಟಿ. ಹಾಗಾಗಿ ಎಲ್ಲ ತಾನೇ ಮಾಡುತ್ತಿದ್ದಳು. ಚಿಕ್ಕ ಡೈಪರನ್ನು ಪ್ಲಾಸ್ಟರಿನ ಅಂಚಿನ ಒಳಗೆ ಸುತ್ತಲೂ ತುರುಕಿ, ಅದರ ಮೇಲೆ ದೊಡ್ಡದೊಂದನ್ನು ಹೊರಗಿನಿಂದ ಕಟ್ಟುವಳು. ಅಂಚು ಚರ್ಮಕ್ಕೆ ಒತ್ತದ ಹಾಗೆ ಮೆತ್ತನೆಯ ಟೇಪು ಅಂಟಿಸುವಳು. ಆಗಾಗ ಬೋರಲು ಮಲಗಿಸಿ ಎದೆಯ ಕೆಳಗೆ ದಿಂಬು ಕೊಡುವಳು. ಒದ್ದೆ ಬಟ್ಟೆಯಲ್ಲಿ ಮುಖ, ಕೈ, ಕಂಕುಳು, ಕಾಲ್ಬೆರಳುಗಳ ಸಂದಿ ಒರೆಸುವಳು. ತಲೆಗೆ ಸ್ನಾನ ಮಾಡಿಸುವಾಗ ಸಿಂಚುವಿನ ತಲೆಯನ್ನು ಮಂಚದ ಅಂಚಿನಿಂದ ಆಚೆಗೆ ತನ್ನ ಅಂಗೈಯಲ್ಲಿ ಹಿಡಿದು, ನನ್ನ ಕೈಯಲ್ಲಿ ಚೊಂಬಿನಿಂದ ನೀರು ಹಾಕಿಸುವಳು. ಸೆಕೆ ಜಾಸ್ತಿಯಾದಾಗ ಕೂದಲು ಒಣಗಿಸುವ ಡ್ರೈಯರನ್ನು ತಣ್ಣನೆ ಗಾಳಿಗೆ ಇಟ್ಟು ಎದೆಯ ಅಂಚಿನಿಂದ ಒಳಗೆ ಊದುವಳು. ಸಿಂಚು ಆಗ ಕಿಲಕಿಲ ನಗುತ್ತಿದ್ದಳು.

"ನನ್ನ ಕಾಲೆಲ್ಲಿ?" ಅಂತ ಅವಳು ಕೇಳಿದಾಗಲೆಲ್ಲ ಅಮ್ಮನದು ಒಂದೇ ಉತ್ತರ. "ಒಳಗಡೆ ಮಲ್ಗಿದೆ ಪುಟ್ಟಿ. ಚೆನ್ನಾಗಿ ನಿದ್ದೆ ಮಾಡಿ ಎದ್ಮೇಲೆ ನಿನ್ನ ಆಟಕ್ಕೆ ಕರ್ಕೊಂಡ್ ಹೋಗತ್ತೆ."

ಬೆಳಿಗ್ಗೆ ಎದ್ದ ಕೂಡಲೇ ಅಮ್ಮ ಟಾರ್ಚು ಹಿಡಿದು ಪ್ಲಾಸ್ಟರಿನ ಅಂಚುಗಳ ಒಳಗೆ ಬೆಳಕು ಬಿಟ್ಟು ನೋಡುತ್ತಿದ್ದಳು. ಕೆಂಪಗಾಗಿದೆಯಾ, ಒದ್ದೆ ಇದೆಯಾ ಅಂತ. ಆಮೇಲೆ ಮೂಗು ಹತ್ತಿರ ತಂದು ಮೂಸುತ್ತಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡುತ್ತ, "ಸ್ನಾನ ಇಲ್ದೆ ಮಗು ಎಷ್ಟು ದಿನ ಅಂತ ಇರತ್ತೆ," ಅಂತ ಯಾರಿಗೂ ಅಲ್ಲದ ಹಾಗೆ ಹೇಳಿ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಅಮ್ಮ ಮೂಸಿ, ತಲೆ ಎತ್ತಿ, ಮತ್ತೆ ಮೂಸಿದಳು. ನನ್ನನ್ನೂ ಕರೆದಳು. ಹುಳಿ ಬಂದ ಹಿಟ್ಟಿನ ಹಾಗೆ ಒಂದು ವಾಸನೆ. ಡೈಪರಿನದಲ್ಲ, ಅದು ನಮಗೆ ಪರಿಚಯವಿತ್ತು. ಸಂಜೆಯ ಹೊತ್ತಿಗೆ ಮಂಚದ ಕಾಲಿನ ಮೇಲೆ ಇರುವೆ ಸಾಲು. ಅಮ್ಮ ಮಂಚದ ನಾಲ್ಕೂ ಕಾಲಿನ ಕೆಳಗೆ ನೀರಿನ ಬಟ್ಟಲಿಟ್ಟಳು. ಇರುವೆಗಳು ಗೋಡೆ ಹಿಡಿದು ಸೊಳ್ಳೆಪರದೆಯ ದಾರದ ಮೇಲಿಂದ ಇಳಿದು ಬಂದವು.

ಮೊದಲು ಅನುಮಾನ ಬಿದ್ದದ್ದು ಮಹಾದೇವಿ ಆಂಟಿಯ ಮೇಲೆ. ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದವರು, ಬಿಜಾಪುರದ ಕಡೆಯವರು. ಗಂಡ ಪೀಣ್ಯದಲ್ಲಿ ಅಪ್ಪ ದುಡಿಯುತ್ತಿದ್ದ ಫ್ಯಾಕ್ಟರಿಯಲ್ಲೇ ಕೆಲಸಕ್ಕಿದ್ದ. ಅವರು ಹಿಂಬಾಗಿಲಿನಿಂದ ಬಂದರೆ ಕೈಯಲ್ಲಿ ಏನಾದರೂ ಇರಲೇಬೇಕು. ಶೇಂಗಾ ಹೋಳಿಗೆ, ಬೆಲ್ಲ ಹಚ್ಚಿದ ರೊಟ್ಟಿ. "ಕೂಸಿಗೆ ಒಂಚೂರು," ಅಂತ ಸಿಂಚುವಿನ ಕೈಗೆ ಕೊಟ್ಟು ಹೋಗುವರು.

"ನೀವು ಸ್ವೀಟು ಕೊಡ್ಬೇಡಿ ಮಹಾದೇವಿ," ಅಂದಳು ಅಮ್ಮ. "ಇರುವೆ ಬರ್ತಾ ಇದೆ."

"ಆತ್ರೀ ಅಕ್ಕಾರ," ಅಂದರು ಅವರು. ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು ವಾಪಸ್ಸು ಹೋದರು. ಮಾರನೇ ದಿನದಿಂದ ಅಮ್ಮ ಹಿಂಬಾಗಿಲಿಗೆ ಚಿಲಕ ಹಾಕತೊಡಗಿದಳು.

ಚಿಲಕ ಹಾಕಿದರೂ ವಾಸನೆ ಕಮ್ಮಿಯಾಗಲಿಲ್ಲ. ಅಮ್ಮನ ಕಣ್ಣು ಈಗ ಅಜ್ಜಿಯ ಕಡೆ ತಿರುಗಿತು. ಅಜ್ಜಿ ಕದ್ದು ಎಣ್ಣೆ ಬಿಟ್ಟಿದ್ದಾರಾ, ಹರಳೆಣ್ಣೆಯೋ ಅರಿಸಿನವೋ, ಇಲ್ಲ ಯಾವುದಾದರೂ ದೇವಸ್ಥಾನದ ಭಸ್ಮವೋ. ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ, "ನಾನು ಬಟ್ಟೆ ಒಣಗಿಸೋಕೆ ಮೇಲೆ ಹೋದಾಗ ಅಜ್ಜಿ ರೂಮಿಗೆ ಹೋಗ್ತಾರಾ ನೋಡ್ತಿರು," ಅಂದಳು.

ಅದೇ ಮಧ್ಯಾಹ್ನ ಅಜ್ಜಿ ಜಗಲಿಯಲ್ಲಿ ನನ್ನ ಜಡೆ ಹೆಣೆಯುತ್ತ ಕೇಳಿದರು. "ನಿಮ್ಮಮ್ಮ ಮಗೂನ ಸರಿಯಾಗಿ ಒರ್ಸ್ತಾಳೇನೇ? ಒದ್ದೇಲೇ ಬಿಟ್ಟು ಟಿವಿ ನೋಡ್ತಾ ಕೂತಿರ್ತಾಳಾ? ನೀನು ನೋಡ್ತಿರು ಸ್ವಲ್ಪ."

ಇಬ್ಬರಿಗೂ ಹೂಂ ಅಂದೆ. ಯಾರ ಬಗ್ಗೆಯೂ ಹೇಳುವಂಥದ್ದು ನನಗೆ ಏನೂ ಕಾಣಿಸಲಿಲ್ಲ. ಕಾಣಿಸದೇ ಇದ್ದದ್ದೇ ನನಗೂ ಅನುಮಾನ ತಂದಿತು. ಊಟಕ್ಕೆ ಕೂತರೆ ಅಜ್ಜಿ ಅಮ್ಮನ ಕೈ ನೋಡುತ್ತಿದ್ದರು, ಅಮ್ಮ ಅಜ್ಜಿಯ ಕೈ ನೋಡುತ್ತಿದ್ದಳು, ನಾನು ಇಬ್ಬರದೂ ನೋಡುತ್ತಿದ್ದೆ. ಅಪ್ಪ ಮಾತ್ರ ತಲೆ ತಗ್ಗಿಸಿ ಸಾರು ಕಲಸಿಕೊಳ್ಳುತ್ತಿದ್ದರು.

ಒಂದು ದಿನ ಅಮ್ಮ ಮಹಡಿಯಿಂದ ಬೇಗ ಇಳಿದು ಬಂದಳು. ನಾನು ಅವಳ ಹಿಂದೆಯೇ ಒಣಗಿದ ಬಟ್ಟೆ ಹೊತ್ತು ಬರುತ್ತಿದ್ದೆ. ರೂಮಿನಲ್ಲಿ ಅಜ್ಜಿ ಮಂಚದ ಮೇಲೆ ಬಗ್ಗಿದ್ದರು. ಅವರ ಎರಡು ಬೆರಳು ಸಿಂಚುವಿನ ಎದೆಯ ಹತ್ತಿರ ಪ್ಲಾಸ್ಟರಿನ ಒಳಗಿದ್ದವು.

"ಅತ್ತೆ, ಏನ್ ಮಾಡ್ತಿದೀರಾ?"

ಅಜ್ಜಿ ಬೆಚ್ಚಿ ಕೈ ತೆಗೆದರು. "ಇರುವೆ ಹೋಗಿತ್ತು ಕಣೇ ಒಳಗೆ. ತೆಗೀತಿದ್ದೆ."

"ಏನ್ ಹಾಕಿದ್ರಿ?"

"ಏನೂ ಹಾಕಿಲ್ಲ."

"ಕೈ ತೋರ್ಸಿ."

ಅಜ್ಜಿ ಒಂದು ಕ್ಷಣ ಅಮ್ಮನ ಮುಖವನ್ನೇ ನೋಡಿದರು. ಆಮೇಲೆ ಎರಡೂ ಅಂಗೈಯನ್ನು ಬಿಚ್ಚಿ ಮುಂದೆ ಹಿಡಿದರು. ಸ್ಕೂಲಿನಲ್ಲಿ ಉಗುರು ತೋರಿಸಲು ನಾವು ಹಿಡಿಯುತ್ತಿದ್ದ ಹಾಗೆ. ಬೆರಳ ತುದಿಗಳು ಹಳದಿಯಾಗಿದ್ದವು. ಬೆಳಿಗ್ಗೆ ಹುಳಿಗೆ ಅರಿಸಿನ ಹಾಕಿದವರು ಅವರೇ. ಅದು ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು.

ಅಮ್ಮ ಆ ಹಳದಿಯನ್ನು ನೋಡುತ್ತ ಅಂದಳು. "ಇನ್ಮೇಲೆ ನಾನಿಲ್ದೇ ಇದ್ದಾಗ ಮಗೂನ ಮುಟ್ಬೇಡಿ ಅತ್ತೆ."

ಅಜ್ಜಿ ಜಗಳ ಆಡಲಿಲ್ಲ. ಸಂಜೆ ಅಪ್ಪ ಕೆಲಸದಿಂದ ಬಂದು ಕಾಫಿ ಕುಡಿದ ಮೇಲೆ, "ನನ್ನ ಕೆಂಗೇರಿಗೆ ಬಿಟ್ ಬಾಪ್ಪ," ಅಂದರು. ಕೆಂಗೇರಿಯಲ್ಲಿ ಅವರ ಮಗಳ ಮನೆ. ಅಪ್ಪ ಅಮ್ಮನ ಕಡೆ ನೋಡಿದರು, ಅಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅಜ್ಜಿ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತು ಹೊರಟರು. ಸಿಂಚು ಮಂಚದ ಮೇಲಿಂದಲೇ ಕಿಟಕಿಯಲ್ಲಿ ಟಾಟಾ ಮಾಡಿದಳು.

ಅಜ್ಜಿ ಹೋದ ಮೇಲೆ ಮನೆ ನಿಶ್ಶಬ್ದವಾಯಿತು. ಅಮ್ಮನಿಗೆ ಒಂದು ಥರ ನೆಮ್ಮದಿ ಆದ ಹಾಗಿತ್ತು. ಆದರೆ ಬೆಳಿಗ್ಗೆ ಮೂಸಿದರೆ ವಾಸನೆ ಇತ್ತು. ಅದರ ಮಾರನೇ ದಿನ ಇನ್ನೂ ಜೋರಾಗಿತ್ತು. ಇರುವೆಗಳೂ ಇದ್ದವು. ಸಿಂಚು ಸುಮ್ಮಸುಮ್ಮನೆ ಅಳತೊಡಗಿದಳು, ಮೈ ಸ್ವಲ್ಪ ಬೆಚ್ಚಗಿತ್ತು. ಅಮ್ಮ ಚಿಲಕ ಸರಿಯಾಗಿ ಬಿದ್ದಿದೆಯಾ ಅಂತ ಹೋಗಿ ನೋಡಿ ಬಂದಳು. ನನ್ನ ಕಡೆ ತಿರುಗಿ, "ನೀನೇನಾದ್ರೂ ಕೊಟ್ಯಾ ಅವ್ಳಿಗೆ?" ಅಂದಳು. ಇಲ್ಲ ಅಂದರೂ ನನ್ನ ಫ್ರಾಕಿನ ಜೇಬಿಗೆ ಕೈ ಹಾಕಿ ನೋಡಿದಳು. ಜೇಬಿನಲ್ಲಿ ಲಗೋರಿಗೆ ಆರಿಸಿಟ್ಟ ಹಂಚಿನ ಚೂರು ಬಿಟ್ಟರೆ ಏನೂ ಇರಲಿಲ್ಲ. ಆಗ ನನಗೆ ಅಜ್ಜಿಯ ಅಂಗೈ ನೆನಪಾಗಿ ಅಳು ಬಂತು.

ಮಧ್ಯಾಹ್ನ ಅಮ್ಮ ಡಾಕ್ಟರಿಗೆ ಫೋನು ಮಾಡಲು ಹಾಲ್‌ಗೆ ಹೋಗಿದ್ದಳು. ಸಿಂಚುವಿನ ಮುಂದೆ ಒಂದು ಬಟ್ಟಲಲ್ಲಿ ಒಣದ್ರಾಕ್ಷಿ, ಬಾಳೆಹಣ್ಣಿನ ಚೂರು ಇತ್ತು. ನಾನು ಗೋಡೆಗೊರಗಿ ಬಣ್ಣ ಹಚ್ಚುತ್ತ ಕೂತಿದ್ದೆ. ಅವಳು ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಎದೆಯ ಹತ್ತಿರ ತಂದು, ಪ್ಲಾಸ್ಟರಿನ ಅಂಚಿನಲ್ಲಿಟ್ಟು, ಬೆರಳಿನಿಂದ ಒಳಗೆ ತಳ್ಳಿದಳು. ಮತ್ತೆ ಒಂದು ಬಾಯಿಗೆ. ಬಾಳೆಹಣ್ಣಿನ ಚೂರು ಒಳಕ್ಕೆ.

"ಏನೇ ಮಾಡ್ತಿದೀಯ?"

"ಕಾಲಿಗೆ."

"ಕಾಲಿಗೆ ಯಾಕೆ?"

"ಅದು ಮಲ್ಗಿದೆ ಅಲ್ವಾ. ಎದ್ದಾಗ ಹಸಿವಾಗತ್ತೆ," ಅಂದಳು. ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ ನನ್ನನ್ನು ನೋಡಿದಳು.

ನಾನು ಅಮ್ಮನನ್ನು ಕೂಗಿದೆ. ಅಮ್ಮ ಬಂದು ಸಿಂಚುವಿನ ಹತ್ತಿರ ಅದನ್ನೇ ಮತ್ತೆ ಕೇಳಿದಳು, ಸಿಂಚು ಅದೇ ಉತ್ತರ ಕೊಟ್ಟಳು. ಅಮ್ಮ ಫೋನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟಳು. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

ಅವತ್ತೇ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಮಧ್ಯದಲ್ಲಿ ಒಂದು ಸಲ ಪ್ಲಾಸ್ಟರು ಬದಲಿಸಬೇಕು ಅಂತ ಹೇಗೂ ಇತ್ತು, ಅದನ್ನೇ ಬೇಗ ಮಾಡೋಣ ಅಂದರು ಡಾಕ್ಟರು. ಕತ್ತರಿಸಿ ತೆಗೆದದ್ದನ್ನು ಆಮೇಲೆ ಅಮ್ಮನಿಗೆ ತೋರಿಸಿದರು. ಒಳಗಿನ ಹತ್ತಿಯಲ್ಲಿ ದ್ರಾಕ್ಷಿ, ಅನ್ನದ ಅಗುಳು, ಚಕ್ಕುಲಿ ಚೂರು, ಬಿಸ್ಕತ್ತಿನ ಪುಡಿ, ಕಪ್ಪಾದ ಬಾಳೆಹಣ್ಣು ಎಲ್ಲ ಮೆತ್ತಿಕೊಂಡಿತ್ತು. ಬೆನ್ನಿನ ಕೆಳಗೆ ಅಂಗೈಯಗಲ ಚರ್ಮ ಕೆಂಪಾಗಿ, ಒಂದು ಕಡೆ ಸುಲಿದಿತ್ತು.

"ಈಗ್ಲೇ ತಂದಿದ್ದು ಒಳ್ಳೇದಾಯ್ತಮ್ಮ," ಅಂದರು ಡಾಕ್ಟರು. "ಬಿಟ್ಟಿದ್ರೆ ದೊಡ್ಡ ಹುಣ್ಣಾಗ್ತಿತ್ತು, ಮಾಡಿದ ಆಪರೇಷನ್‌ಗೂ ತೊಂದ್ರೆ ಆಗ್ತಿತ್ತು."

"ಎಣ್ಣೆ ಏನಾದ್ರೂ ಇತ್ತಾ ಡಾಕ್ಟ್ರೇ? ಅರಿಸಿನ?" ಅಮ್ಮ ಕೇಳಿದಳು.

"ಇಲ್ವಲ್ಲ. ಯಾಕೆ?"



ಹೊಸ ಪ್ಲಾಸ್ಟರಿನೊಂದಿಗೆ ಸಿಂಚು ಮನೆಗೆ ಬಂದ ಮಾರನೇ ದಿನ ಅಮ್ಮ ಹಿಂಬಾಗಿಲಿನ ಚಿಲಕ ತೆಗೆದು, ಮಹಾದೇವಿ ಆಂಟಿಯನ್ನು ಕರೆದು ನಡೆದದ್ದೆಲ್ಲ ಹೇಳಿದಳು. "ಸ್ವಲ್ಪ ಹೊತ್ತು ಮಗೂನ ನೋಡ್ಕೋತೀರಾ? ಕೆಂಗೇರಿಗೆ ಹೋಗ್ಬರ್ತೀನಿ."

"ನೋಡ್ಕೊಂತೀನ್ರೀ ಅಕ್ಕಾರ, ಅದಕ್ಕೇನ," ಅಂದರು ಆಂಟಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚದ ಹತ್ತಿರ ಕೂತೇಬಿಟ್ಟರು. "ಕೂಸಿನ ಸಲುವಾಗಿ ನಾನಾದ್ರೂ ಹಂಗ ಮಾಡ್ತಿದ್ದೆ. ನೀವ ಹೋಗ್ಬರ್ರಿ."

ಬಸ್ಸಿನಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡೇ ಇದ್ದಳು. ಅಜ್ಜಿ ಮಗಳ ಮನೆಯ ಹಿತ್ತಲಲ್ಲಿ ಈಳಿಗೆಮಣೆ ಮೇಲೆ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ಅಮ್ಮನನ್ನು ನೋಡಿದೊಡನೆ ಗಾಬರಿಯಾಗಿ, "ಮಗು?" ಅಂದರು.

"ಚೆನ್ನಾಗಿದಾಳೆ ಅತ್ತೆ." ಅಮ್ಮ ನೆಲದ ಮೇಲೆ ಅವರೆದುರು ಕೂತು ಎಲ್ಲ ಹೇಳಿದಳು.

"ಕಾಲಿಗೆ ಊಟ ಹಾಕಿದ್ಲಾ," ಅಂತ ಅಜ್ಜಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ನಗು ನಿಲ್ಲಿಸಿ, "ಬೆನ್ನು ತುಂಬಾ ಸುಲಿದಿದ್ಯೇನೇ?" ಅಂದರು.

"ವಾಸಿ ಆಗತ್ತಂತೆ. ಅತ್ತೆ, ನಾನು ನಿಮ್ಮ ಕೈ ತೋರ್ಸಿ ಅಂತ ಕೇಳ್ಬಾರ್ದಿತ್ತು."

"ಹೆತ್ತವಳು ನೀನು. ಕೇಳ್ದೆ ಇನ್ನೇನ್ ಮಾಡ್ತೀಯ," ಅಂದರು ಅಜ್ಜಿ. ಮಾವಿನಕಾಯಿ ಹೋಳುಗಳನ್ನು ಜಾಡಿಗೆ ತುಂಬಿ, ಉಪ್ಪು ಬೆರೆಸಿ, ಕೈ ತೊಳೆದುಕೊಂಡು ನಮ್ಮ ಜೊತೆ ಹೊರಟರು. ಅಷ್ಟು ಸುಲಭವಾಗಿ ಬಂದರಲ್ಲ ಅಂತ ನನಗೆ ಖುಷಿಯಾಯಿತು.

ಮನೆಗೆ ಬಂದು ಚಪ್ಪಲಿ ಬಿಟ್ಟು ರೂಮಿನ ಬಾಗಿಲಿಗೆ ಹೋದರು. ಸಿಂಚು "ಅಜ್ಜೀ" ಅಂತ ಎರಡೂ ಕೈ ಚಾಚಿದಳು. ಅಜ್ಜಿ ಹೊಸ್ತಿಲಲ್ಲೇ ನಿಂತು ಅಮ್ಮ ಇದ್ದ ಅಡುಗೆಮನೆಯ ಕಡೆ ತಿರುಗಿದರು.

"ಸುಮಾ, ಎತ್ಕೊಳ್ಳಲೇನಮ್ಮ?"

ಅದರಲ್ಲಿ ಕೊಂಕು ಇತ್ತಾ ಅಂತ ಅಮ್ಮ ಆಮೇಲೆ ಎಷ್ಟೋ ಸಲ ನನ್ನನ್ನು ಕೇಳಿದ್ದಾಳೆ. ಇರಲಿಲ್ಲ. ನಿಜವಾಗಿಯೂ ಕೇಳಿದ್ದರು.

ಪ್ಲಾಸ್ಟರು ತೆಗೆದ ಮೇಲೆ ಸಿಂಚು ಮೊದಲು ಗೋಡೆ ಹಿಡಿದು, ಆಮೇಲೆ ಕೈ ಬಿಟ್ಟು ನಡೆದಳು. ಈಗ ಕಾಲೇಜಿನಲ್ಲಿದ್ದಾಳೆ, ಬ್ಯಾಡ್ಮಿಂಟನ್ ಆಡುತ್ತಾಳೆ. ಸೊಂಟದ ಪಕ್ಕದಲ್ಲಿ ಒಂದು ಗೆರೆ ಬಿಟ್ಟರೆ ಅವಳಿಗೆ ಆ ಬೇಸಿಗೆಯ ನೆನಪೇ ಇಲ್ಲ. ಹಿಂದಿನ ಪೋರ್ಷನ್ನು ಒಡೆದು ಮೂರು ಮಹಡಿ ಎಬ್ಬಿಸಿದ್ದೇವೆ, ಮಹಾದೇವಿ ಆಂಟಿ ಲಗ್ಗೆರೆಗೆ ಹೋದರು. ಹೋಗುವವರೆಗೂ ಕೇಳದೇ ಒಳಗೆ ಬರುತ್ತಿದ್ದರು, ಕೇಳದೇ ಮಕ್ಕಳ ಬಾಯಿಗೆ ಏನಾದರೂ ಇಡುತ್ತಿದ್ದರು. ಅಜ್ಜಿ ಮಾತ್ರ ಬದುಕಿರುವಷ್ಟು ದಿನವೂ ಕೇಳುತ್ತಿದ್ದರು. ಎಣ್ಣೆ ಹಚ್ಚಲಾ, ತುತ್ತು ಕೊಡಲಾ, ಪಕ್ಕದಲ್ಲಿ ಮಲಗಿಸಿಕೊಳ್ಳಲಾ. ಅಮ್ಮ ಪ್ರತಿ ಸಲವೂ "ಅಯ್ಯೋ, ಕೇಳೋದೇನು ಅತ್ತೆ" ಅನ್ನುತ್ತಿದ್ದಳು.

ಅಜ್ಜಿಯ ಕೊನೆಯ ವರ್ಷ ಸಿಂಚು ಒಂದು ಸಂಜೆ ಆಡಿ ಬಂದು, ಬಿದ್ದು ತರಚಿದ ಮೊಣಕಾಲು ಚಾಚಿಕೊಂಡು ಅಜ್ಜಿಯ ಮಂಚದ ಮೇಲೆ ಕೂತಳು. ಅಜ್ಜಿ ಗಾಯದ ಹತ್ತಿರಕ್ಕೆ ಕೈ ತಂದವರು ಅಲ್ಲೇ ನಿಲ್ಲಿಸಿ ಅಮ್ಮನ ಕಡೆ ನೋಡಿದರು.

"ಮುಟ್ಟಿ ಅತ್ತೆ," ಅಂದಳು ಅಮ್ಮ. "ನಿಮ್ಮ ಮೊಮ್ಮಗಳಲ್ವಾ."

"ಅಭ್ಯಾಸ ಆಗ್ಹೋಗಿದೆ ಕಣೇ," ಅಂದರು ಅಜ್ಜಿ. ಆಮೇಲೆ ಮುಟ್ಟಿದರು.