ಗೋವಿಂದರಾಜು ಮೇಷ್ಟ್ರ ಸ್ಪ್ಯಾನಿಷ್ ಪ್ರಸ್ತಾರ

ಶೆಟ್ಟಿಹಳ್ಳಿಯ ಗೋವಿಂದರಾಜು ಮೇಷ್ಟ್ರು ಗುಬ್ಬಿಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಪದ್ಯದ ಸಾಲನ್ನು ಬೋರ್ಡಿನ ಮೇಲೆ ಬರೆದು, ಅಕ್ಷರದ ನೆತ್ತಿಯ ಮೇಲೆ ಲಘು ಗುರು ಗುರುತು ಹಾಕಿ ಪ್ರಸ್ತಾರ ಮಾಡುವುದೆಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಒಮ್ಮೆ ತಿಮ್ಮೇಶ ಎಂಬ ವಿದ್ಯಾರ್ಥಿ ಎದ್ದು, ಅಲ್ಲಿ ಲಘು ಬರಬೇಕು ಸಾರ್ ಅಂದದ್ದಕ್ಕೆ ಇಡೀ ಪೀರಿಯಡ್ಡು ಹೊರಗೆ ನಿಂತಿದ್ದ. ಅವನು ಹೇಳಿದ್ದೇ ಸರಿ ಎಂದು ಸಂಜೆಯ ಹೊತ್ತಿಗೆ ಮೇಷ್ಟ್ರಿಗೆ ತಿಳಿದಿತ್ತು. ಯಾರಿಗೂ ಹೇಳಲಿಲ್ಲ.

ಅದೇ ಕ್ಲಾಸಿನ ಭಾನುಪ್ರಿಯಾ ಈಗ ಪಕ್ಕದ ಮನೆಯ ಸೊಸೆ. ಕೆಲಸ ತೆಂಗಿನ ನಾರಿನ ಕಾರ್ಖಾನೆಯ ಆಫೀಸಿನಲ್ಲಿ. ನಾರಿನ ಪುಡಿ ಸ್ಪೇನಿಗೆ ಹೋಗುತ್ತದೆ. ಅಲ್ಲಿಯವರ ಜೊತೆ ಮಾತಾಡುವ ಹುದ್ದೆ ಸಿಗಬೇಕಾದರೆ ಸ್ಪ್ಯಾನಿಷ್ ಪರೀಕ್ಷೆ ಪಾಸಾಗಬೇಕು. ಪದಗಳನ್ನೆಲ್ಲ ಒಂದೇ ಸಮ ಓದುತ್ತೀಯ, ಯಾವ ಅಕ್ಷರವನ್ನೂ ಒತ್ತಿ ಹೇಳುವುದಿಲ್ಲ ಎಂದು ಪರೀಕ್ಷಕರು ಅವಳನ್ನು ಒಮ್ಮೆ ಫೇಲು ಮಾಡಿದ್ದರು. ಇನ್ನೊಮ್ಮೆ ಫೇಲಾದರೆ ಹುದ್ದೆ ಬೇರೆಯವರಿಗೆ.

ಅಷ್ಟೇ ತಾನೆ, ಪ್ರಸ್ತಾರ ಹಾಕಿದರೆ ಆಯಿತು ಎಂದರು ಮೇಷ್ಟ್ರು. ಸ್ಪ್ಯಾನಿಷಿನ ಗಂಧಗಾಳಿ ಇಲ್ಲದಿದ್ದರೂ ಪದ ಒಡೆಯಲು ಕೂತರು. ಕಿಟಕಿಗೆ ‘ವೆಂತನ’ ಅನ್ನುತ್ತಾರಂತೆ. ವೆಂ, ತ, ನ. ಸೊನ್ನೆ ಇರುವ ವೆಂ ಗುರು, ಆದ್ದರಿಂದ ಒತ್ತು ಅಲ್ಲೇ. ಹೀಗೆ ಇನ್ನೂರು ಪದಗಳಿಗೆ ಗುರುತು ಬಿತ್ತು. ಭಾನು ಎಲ್ಲವನ್ನೂ ಬಾಯಿಪಾಠ ಮಾಡಿದಳು.

ಪರೀಕ್ಷೆಗೆ ಮೂರು ದಿನವಿರುವಾಗ ಮೇಷ್ಟ್ರು ಕುತೂಹಲಕ್ಕೆ ಮೊಬೈಲಿನಲ್ಲಿ ಸ್ಪ್ಯಾನಿಷ್ ಪಾಠ ಹಾಕಿಕೊಂಡರು. ಪಾಠದ ಹೆಂಗಸು ‘ವೆಂತನ’ದಲ್ಲಿ ‘ತ’ ಮೇಲೆ ಒತ್ತುತ್ತಿದ್ದಳು. ಹತ್ತು ಸಲ ಕೇಳಿದರೂ ಅದೇ. ಮೇಷ್ಟ್ರು ಇನ್ನೂ ನಾಲ್ಕಾರು ಪದ ಹಾಕಿ ಕೇಳಿದರು, ಅವುಗಳಲ್ಲೂ ಗುರುತು ತಪ್ಪಿತ್ತು. ಸುಮ್ಮನಿದ್ದುಬಿಡಬಹುದಿತ್ತು, ಅವಳು ಫೇಲಾದರೆ ಇವರನ್ನು ಯಾರೂ ಬಯ್ಯುತ್ತಿರಲಿಲ್ಲ. ಹಾಗೆ ಯೋಚಿಸಿದ್ದಕ್ಕೇ ನಾಚಿಕೆಯಾಗಿ, ರಬ್ಬರು ಹಿಡಿದು ಪಕ್ಕದ ಮನೆಗೆ ನಡೆದರು.

“ನಾನ್ ಹೇಳ್ಕೊಟ್ಟಿದ್ದು ತಪ್ಪು ಕಣಮ್ಮ. ಎಲ್ಲಾ ಅಳಿಸಿ ಮತ್ತೆ ಹಾಕೋಣ.”

ಭಾನುವಿಗೆ ಸಿಟ್ಟು ಬಂತು. ಆದರೂ ನೋಟ್‌ಬುಕ್ ತಂದಳು. ಮೊಬೈಲು ಒತ್ತಿ ಹೇಳಿದ ಕಡೆಯಲ್ಲೆಲ್ಲ ಮೇಷ್ಟ್ರು ಮೊಣಕಾಲು ತಟ್ಟಿದರು, ಅವಳು ತಿದ್ದಿದಳು. ಮೂರು ದಿನ ಇದೇ ಆಯಿತು.

ಪಾಸಾದ ದಿನ ಅವಳು ಮೈಸೂರುಪಾಕು ತಂದಾಗ ಮೇಷ್ಟ್ರು ತಿಮ್ಮೇಶನ ನಂಬರು ಕೇಳಿದರು. ಅವನು ಈಗ ಕುಣಿಗಲ್‌ನಲ್ಲಿ ಬೇಕರಿ ಇಟ್ಟಿದ್ದಾನೆ. ಫೋನು ಎತ್ತಿದವನಿಗೆ ತಮ್ಮ ಹೆಸರು ಹೇಳಿ, ಅವತ್ತು ಬೋರ್ಡಿನ ಮೇಲೆ ಲಘುವೇ ಬರಬೇಕಿತ್ತು ಎಂದರು.



“ಅವತ್ತೇ ಗೊತ್ತಿತ್ತು ಸಾರ್,” ಎಂದ ತಿಮ್ಮೇಶ. “ಆಮೇಲೆ ಯಾವ ಕ್ಲಾಸಲ್ಲೂ ನಾನು ಕೈ ಎತ್ಲೇ ಇಲ್ಲ.”